ಸೋಫಾ ಮತ್ತು ಮೂರು ಚೀಟಿ

ಗುಮಾಸ್ತರ ಮನೆಯ ಸೋಫಾದಿಂದ ಒಂದು ಸ್ಪ್ರಿಂಗು ಹೊರಬಂದು, ಸರಿಯಾಗಿ ಹೆಂಡತಿ ಕೂರುವ ಜಾಗದಲ್ಲೇ ತಲೆಯೆತ್ತಿದ್ದು ಎಲ್ಲ ರಗಳೆಗೂ ಮೂಲ. ಎರಡನೆಯ ಸಲ ಸೀರೆ ಹರಿದಾಗ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಶನಿವಾರ ಸಂಜೆ ನಾನು ಕೆಲಸದಿಂದ ಬರೋಷ್ಟರಲ್ಲಿ ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು."

ಗುಮಾಸ್ತರು ನಗರಸಭೆಗೆ ಹತ್ತು ಸಲ ಫೋನು ಮಾಡಿ, ದೊಡ್ಡ ಸಾಮಾನು ಒಯ್ಯುವ ಲಾರಿಯನ್ನು ಗೊತ್ತುಮಾಡಿಕೊಂಡರು. ಮನೆಗೆ ವರ್ಷಕ್ಕೊಂದೇ ಸಲ, ಮೂರೇ ಸಾಮಾನು. ಅಂಟಿಸಲು ಮೂರು ಚೀಟಿ, ಜೊತೆಗೊಂದು ಅನುಮತಿ ಕಾಗದ. ಶನಿವಾರ ಬೆಳಗ್ಗೆ ಏದುಸಿರು ಬಿಡುತ್ತ ಸೋಫಾವನ್ನು ರಸ್ತೆಯಂಚಿಗೆ ಎಳೆದು ಒಂದು ಚೀಟಿ ಅಂಟಿಸಿದರು. ಉಳಿದೆರಡು ಅವರ ಜೇಬಿನಲ್ಲಿವೆ ಎಂಬುದು ಬೀದಿಗೆಲ್ಲ ಹೇಗೆ ತಿಳಿಯಿತೋ, ಆ ದೇವರೇ ಬಲ್ಲ.

"ಸಾರ್, ನಮ್ಮದೊಂದು ಮುರುಕಲು ಮಂಚ ಇದೆ. ಹೇಗೂ ನಿಮ್ಮ ಹತ್ರ ಚೀಟಿ ಮಿಕ್ಕಿದೆಯಲ್ಲ," ಎಂದ ಎದುರುಮನೆಯ ಟೈಲರ್.

"ಹತ್ತು ಸಲ ಫೋನ್ ಮಾಡಿದ್ದು ನಾನು, ಮಂಚ ನಿಮ್ಮದಾ? ಕೊಡಲ್ಲ, ಹೋಗ್ರೀ!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಅದಿರ್ಲಿ, ಕಾಗದದ ಹಿಂದುಗಡೆ ಓದಿದ್ರಾ?"

"ಇಪ್ಪತ್ತು ವರ್ಷದಿಂದ ಕಾಗದ ಓದೋದೇ ನನ್ನ ಕೆಲಸ, ಮೇಷ್ಟ್ರೇ. ನನಗೆ ಪಾಠ ಮಾಡ್ಬೇಡಿ."

ಟೈಲರ್ ಬಿಡಲಿಲ್ಲ. ಹನ್ನೊಂದಕ್ಕೊಮ್ಮೆ ಬಂದ, ಹನ್ನೆರಡಕ್ಕೊಮ್ಮೆ ಬಂದ. ಕೊನೆಗೆ ಮಂಚವನ್ನೇ ತಂದು ಸೋಫಾದ ಪಕ್ಕ ನಿಲ್ಲಿಸಿದ. ಗುಮಾಸ್ತರ ಪಿತ್ತ ನೆತ್ತಿಗೇರಿತು. ಚೀಟಿ ಮಿಕ್ಕಿದ್ದರೆ ತಾನೇ ಈ ಕಾಟ! ಒಳಗೆ ನುಗ್ಗಿ ತಮ್ಮ ತಿರುಗುವ ಕುರ್ಚಿಯನ್ನೂ, ಹೆಂಡತಿಗೆ ಅವಳಮ್ಮ ಕೊಟ್ಟಿದ್ದ ಡ್ರೆಸ್ಸಿಂಗ್ ಟೇಬಲನ್ನೂ ಎಳೆದುತಂದು ಎರಡು ಚೀಟಿಯನ್ನೂ ಫಟಾರನೆ ಅಂಟಿಸಿದರು. ಲಾರಿ ಬಂದಾಗ ಎರಡನ್ನೂ ಮತ್ತೆ ಮನೆಯೊಳಗಿಟ್ಟರಾಯಿತು ಎಂಬುದು ಅವರ ಲೆಕ್ಕ.

"ಈಗ ಕೇಳಿ ನೋಡೋಣ!" ಎಂದು ಸೋಫಾದ ಸ್ಪ್ರಿಂಗಿಲ್ಲದ ತುದಿಯಲ್ಲಿ ಕಾವಲು ಕೂತರು.

ನಾಲ್ಕಕ್ಕೆ ಲಾರಿ ಬಂತು. ಡ್ರೈವರು ಮೊದಲು ಕೇಳಿದ್ದೇ ಕಾಗದ. ಗುಮಾಸ್ತರು ಒಳಗೋಡಿದರು. ಮೇಜಿನ ಮೇಲಿಲ್ಲ, ಬ್ಯಾಗಿನಲ್ಲಿಲ್ಲ. ನಿನ್ನೆಯ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಹೊರಬರುವಾಗ ಕುರ್ಚಿ, ಡ್ರೆಸ್ಸಿಂಗ್ ಟೇಬಲ್ ಎರಡನ್ನೂ ನುಂಗಿ ಲಾರಿಯ ಹಿಂಭಾಗದ ಕಬ್ಬಿಣದ ಬಾಯಿ ಮುಚ್ಚಿಕೊಂಡಿತು. ಒಳಗೆ ಕನ್ನಡಿ ಛಳ್ಳೆಂದಿತು.

"ಅಯ್ಯೋ! ಅದಲ್ಲಪ್ಪಾ!"

"ಚೀಟಿ ಇತ್ತಲ್ಲ, ಸ್ವಾಮಿ."

"ಮತ್ತೆ ಸೋಫಾ?"

"ಹತ್ತಿ, ಸ್ಪ್ರಿಂಗು ಇರೋದನ್ನ ನಾವು ತಗೊಳಲ್ಲ. ಕಾಗದದ ಹಿಂದೆ ಬರೆದಿದೆ ನೋಡಿ." ಡ್ರೈವರು ಬೆರಳು ಮಡಚಿ ಎಣಿಸಿದ. "ನಿಮ್ಮ ಲೆಕ್ಕದಲ್ಲಿ ಇನ್ನೂ ಒಂದು ಬಾಕಿ ಇದೆ. ಈ ಮಂಚ ಹಾಕ್ಲಾ?"

"ಹಾಕಿ, ಹಾಕಿ!" ಎಂದು ಟೈಲರ್ ತಾನೇ ಒಂದು ತುದಿ ಹಿಡಿದ.

ಲಾರಿ ತಿರುವು ದಾಟುವ ಹೊತ್ತಿಗೆ ಹೆಂಡತಿ ಬಂದಳು. ಸೋಫಾ ನೋಡಿದಳು. ತೆರೆದ ಬಾಗಿಲಿನಿಂದ ಒಳಗೆ, ಡ್ರೆಸ್ಸಿಂಗ್ ಟೇಬಲ್ ಇದ್ದ ಖಾಲಿ ಗೋಡೆ ನೋಡಿದಳು. ಗುಮಾಸ್ತರು ಎದೆಯುಬ್ಬಿಸಿದರು. "ಬೆಳಗ್ಗಿಂದ ಯಾರು ಬಂದ್ರೂ ನಾನು ಜಗ್ಗಲಿಲ್ಲ, ಗೊತ್ತಾ?"

"ಈಗ್ಲೂ ಜಗ್ಗಬೇಡಿ. ಆ ಸೋಫಾದ ಮೇಲೇ ಇರಿ," ಎಂದವಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮೇಷ್ಟ್ರು ಕಾಂಪೌಂಡಿನಿಂದ ನೋಡುತ್ತಿದ್ದರು, ಟೈಲರ್ ಕಿಟಕಿಯಿಂದ. ಸೋಲುವುದುಂಟೇ? ಗುಮಾಸ್ತರು ಕಾಲಮೇಲೆ ಕಾಲು ಹಾಕಿ ಧಿಮಾಕಿನಿಂದ ಕೂತೇಬಿಟ್ಟರು. ಕೂತದ್ದು ಮಾತ್ರ ಹೆಂಡತಿಯ ಜಾಗದಲ್ಲಿ.