ಅಕ್ಕನಿಗೆ ಹೊಲ ತೋರಿಸಲು ಹೋಗಿ

ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಒಬ್ಬ ಹಾದಿಹೋಕನಿಗೂ ಕನ್ನಡಿ ತಾಗಿಸದೆ ನಿವೃತ್ತನಾದವನು ನಾನು. ಅಂಗೈಯಗಲದ ಒಂದು ಡ್ರೋನು ನನ್ನ ಮಾತು ಕೇಳದೆ ಎಲ್ಲಿ ಹೋದೀತು ಎಂದು ನಂಬಿದ್ದೆ. ಆ ನಂಬಿಕೆಯ ಅಂತ್ಯಸಂಸ್ಕಾರ ಎಳ್ಳಮವಾಸ್ಯೆಯ ದಿನ ಗರಗದಲ್ಲಿ, ಬಂಧುಬಳಗದ ಸಮಕ್ಷಮ ನೆರವೇರಿತು.

ಗರಗದಲ್ಲಿ ನನ್ನ ಅಕ್ಕ ಗಂಗಕ್ಕ ಇದ್ದಾಳೆ. ಎಂಬತ್ತು ದಾಟಿದರೂ ಚರಕ ಬಿಟ್ಟಿಲ್ಲ. ಆದರೆ ಮೊಣಕಾಲು ಕೈಕೊಟ್ಟು ಎರಡು ವರ್ಷವಾಯಿತು, ಹೊಲದ ಮುಖ ನೋಡಿಲ್ಲ. ಮದುವೆಯಾಗಿ ಬಂದಾಗಿನಿಂದ ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯನ್ನು ಚರಗವಾಗಿ ಚೆಲ್ಲಿದ ಕೈ ಅವಳದು. ಫೋನಿನಲ್ಲಿ ಹೇಳಿದಳು: "ಈ ಸಲ ಜ್ವಾಳಾ ಹೆಂಗ ನಿಂತಾವೋ ಏನೋ. ಒಮ್ಮಿ ಕಣ್ತುಂಬ ನೋಡಿದ್ರ ಸಾಕಾಗಿತ್ತು ತಮ್ಮಾ."

"ಇಷ್ಟೇ ಏನಬೇ? ಇಡೀ ಹೊಲಾ ಮ್ಯಾಲಿಂದ ತಗದು ತೋರಸ್ತೇನಿ!" ಎಂದೆ. ಮರುದಿನವೇ ಡ್ರೋನು ಕೊಂಡೆ.

ನನ್ನ ಹೆಂಡತಿ ಶಾಂತಾಳಿಗೆ ಆಗಲೇ ಅನುಮಾನ. "ನಮ್ಮ ಈರಪ್ಪಗ ಹೇಳಿದ್ರ ಆಗಂಗಿಲ್ಲೇನ್ರೀ?"

ಈರಪ್ಪ ಅವಳ ತಮ್ಮ. ಗರಗದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರು. ಹಳೆಯ ಸಾಮಾನು ಜೋಡಿಸಿ ತಾನೇ ಒಂದು ಡ್ರೋನು ಕಟ್ಟಿಕೊಂಡಿದ್ದಾನೆ. ನೋಡಿದರೆ ಮುರಿದ ಫ್ಯಾನಿನಂತಿದೆ. ಪ್ರತಿ ಭಾನುವಾರ ಬಯಲಿನಲ್ಲಿ ಎರಡು ಕಲ್ಲಿಟ್ಟು, ಅವುಗಳ ಸುತ್ತ ಎಂಟರ ಆಕಾರದಲ್ಲಿ ಹಾರಿಸುತ್ತಾನೆ. ಗಂಟೆಗಟ್ಟಲೆ ಅದೇ ಎಂಟು!

"ಮಾಮಾ, ಮೊದಲ ಕೈಲೆ ಹಾರಸೂದು ಕಲೀರಿ. ತಾನ ಹಾರೂದೆಲ್ಲಾ ಆಮ್ಯಾಲ," ಎಂದ.

"ಲೈಸನ್ಸ್ ತಗೊಳ್ಳಾಕ ಹೋದವರ ಗತೆ ಎಂಟು ಹಾಕಾಕ ನನಗೇನ ಹುಚ್ಚ ಹಿಡದೈತೇನೋ? ನಂದು ಶ್ಯಾಣ್ಯಾ ಡ್ರೋನು. ಒಂದ ಗುಂಡಿ ಒತ್ತಿದ್ರ ನನ್ನ ಹಿಂದಹಿಂದ ಬರ್ತೈತಿ. ಇನ್ನೊಂದ ಒತ್ತಿದ್ರ ಮನೀಗೆ ಹೋಗ್ತೈತಿ. ನಿನ್ನಂಥಾವ್ರಿಗೆ ಬೇಕು ಕೈಚಳಕ!"

ಹೀಗೆಂದವನು ಯಾರು? ಫೋನಿನ ನಕ್ಷೆ ನೋಡಿ ಗಾಡಿ ಓಡಿಸುವ ಹೊಸ ಡ್ರೈವರುಗಳನ್ನು ಕಂಡರೆ "ಸ್ಟೇರಿಂಗ್ ಕೈಯಾಗ ಇರಬೇಕಲೇ!" ಎಂದು ಉಗಿಯುತ್ತಿದ್ದ ಮಹಾಶಯ!

ವಿದ್ಯಾನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ಸಲ ಏರಿಸಿದೆ, ಎರಡು ಸಲ ಇಳಿಸಿದೆ. ತರಬೇತಿ ಮುಗಿಯಿತು.

ಹಬ್ಬದ ದಿನ ಅಕ್ಕನ ಮನೆ ಅಂಗಳದಲ್ಲಿ ಟ್ರ್ಯಾಕ್ಟರು ಸಜ್ಜಾಗಿ ನಿಂತಿತ್ತು. ಕಡಬು, ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಬುಟ್ಟಿ ತುಂಬಿ ಏರಿದವು. ಶಾಂತಾಳೂ ಹೆಗಲಿಗೊಂದು ಚೀಲ ಹಾಕಿಕೊಂಡ ಈರಪ್ಪನೂ ಏರಿದರು. ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಡ್ರೋನನ್ನು ಅಲ್ಲಿಂದಲೇ ಏರಿಸಿದೆ. ಯಾರನ್ನು ಹಿಂಬಾಲಿಸಲಿ ಎಂದು ಫೋನು ಕೇಳಿತು. ಬೇರೆ ಯಾರನ್ನು? ಪರದೆಯಲ್ಲಿ ಕಂಡ ನನ್ನ ಮೇಲೇ ಬೆರಳಿಟ್ಟೆ! ಅದು ಟ್ರಾಲಿಯ ಹಿಂದೆ ಹಾರಿಬಂತು. ನಾನು ಟೊಪ್ಪಿಗೆ ತೆಗೆದು ಊರವರಿಗೆಲ್ಲ ಬೀಸುತ್ತ ಕೂತೆ.

ಊರು ದಾಟಿದರೆ ಹೊಲ. ಒಬ್ಬರು ಚರಗ ಚೆಲ್ಲುತ್ತ ಮುಂದೆ ಹೋದರು, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ನಡೆದರು. "ಅವರನ್ನ ನೋಡು," ಎಂದು ಡ್ರೋನಿಗೆ ಕೈ ಮಾಡಿ ತೋರಿಸಿದೆ. ಅದು ನನ್ನನ್ನೇ ನೋಡಿತು. ಎಡಕ್ಕೆ ಸರಿದೆ, ಎಡಕ್ಕೆ ಬಂತು. ಓಡಿದೆ, ಓಡಿಬಂತು. ತಪ್ಪಿಸಿಕೊಂಡರೆ ಬೇರೆಡೆ ನೋಡೀತೆಂದು ಜೋಳದೊಳಗೆ ನುಗ್ಗಿದೆ, ಕೂತೆ, ತೆವಳಿದೆ, ಮತ್ತೊಂದು ಕಡೆ ಎದ್ದೆ. ನೆತ್ತಿಯ ಮೇಲೇ ಗುಂಯ್ ಎನ್ನುತ್ತಿತ್ತು!

"ರೀ! ಚರಗಾ ಜ್ವಾಳಕ್ಕ ಚೆಲ್ಲಬೇಕೋ, ನಿಮಗ ಚೆಲ್ಲಬೇಕೋ? ಹೊರಗ ಬರ್ರಿ!" ಶಾಂತಾ ಕೂಗಿದಳು.

"ಮಾಮಾ, ರಿಮೋಟ್ ಇತ್ತ ಕೊಡ್ರಿ," ಈರಪ್ಪ ಕೈ ಚಾಚಿದ.

"ದೂರ ಸರಿ! ಅದಕ್ಕೆಲ್ಲಾ ಗೊತ್ತಾಗ್ತೈತಿ!"

ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತ ಬಂದು ಫೋನು ಕಿಚಗುಟ್ಟಿತು. ಡ್ರೋನು ಮನೆಗೆ ಮರಳುತ್ತಿದೆ ಎಂದು ತಾನೇ ಸಾರಿತು. "ನೋಡ್ರಿ, ಈಗ ಸೀದಾ ಟ್ರಾಲಿಗೆ ಬರ್ತೈತಿ," ಎಂದು ಎದೆಯುಬ್ಬಿಸಿದೆ. ಅದು ನಮಗೆ ಬೆನ್ನು ತೋರಿಸಿ ಊರಿನತ್ತ ಹೊರಟಿತು.

"ಎದ್ದ ಜಾಗಾನ ಅದಕ್ಕ ಮನಿ, ಮಾಮಾ. ಟ್ರ್ಯಾಕ್ಟರ್ ಇಲ್ಲಿಗೆ ಬಂದದ್ದು ಅದಕ್ಕೇನ ಗೊತ್ತು?" ಈರಪ್ಪ ಹಣೆ ಚಚ್ಚಿಕೊಂಡ.

ಎದ್ದ ಜಾಗವೆಂದರೆ ಅಕ್ಕನ ಅಂಗಳ. ಟ್ರ್ಯಾಕ್ಟರು ಹೋದ ಮೇಲೆ ಅಕ್ಕ ಅಲ್ಲಿ ಚಾಪೆ ಹಾಸಿ, ನೂಲುವ ಹತ್ತಿಯ ಹಂಜಿಗಳನ್ನು ಬಿಸಿಲಿಗೆ ಹರವಿದ್ದಳು. ಒಂದೊಂದೂ ಬೆರಳು ದಪ್ಪ, ಗರಿಯಷ್ಟು ಹಗುರ. ನಮ್ಮ ಶ್ಯಾಣ್ಯಾ ಅದರ ನಟ್ಟನಡುವೆ ಇಳಿದಿತ್ತು!

ನಾವು ತಲುಪಿದಾಗ ಓಣಿಯೆಲ್ಲ ಬೆಳ್ಳಗಾಗಿತ್ತು. ಚರಂಡಿಯಲ್ಲಿ ಹಂಜಿ, ಬೇವಿನ ಮರದಲ್ಲಿ ಹಂಜಿ, ಎಮ್ಮೆಯ ಕೊಂಬಿನಲ್ಲೂ ಹಂಜಿ. ಅಕ್ಕ ಡ್ರೋನಿನ ಮೇಲೆ ಬುಟ್ಟಿ ಮುಚ್ಚಿ, ಅದು ಏಳದಂತೆ ಕೋಲು ಒತ್ತಿಹಿಡಿದು ಕೂತಿದ್ದಳು.

"ಹೊಲಾ ತೋರಸ್ತೇನಿ ಅಂದಾವ, ನನ್ನ ಹಂಜಿ ಹಾರಿಸಿದೇನೋ ಮೂಳಾ! ಹೋಗ್ಲಿ ಬಿಡು. ಹೊಲಾ ತಗದೀ ಇಲ್ಲೋ?"

ವಿಡಿಯೋ ಹಚ್ಚಿದೆ. ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ದಿಟ್ಟಿಸಿದಳು. ಮೊದಲಿನಿಂದ ಕೊನೆಯವರೆಗೆ ನನ್ನ ಬೋಳುತಲೆ. ಅಂಚಿನಲ್ಲಿ ಅಷ್ಟಿಷ್ಟು ಹಸಿರು.

"ಜ್ವಾಳದ ನಡು ಈ ಬೀಳು ಬಿದ್ದ ತುಂಡು ಯಾರದೋ ತಮ್ಮಾ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಫೋನು ನನ್ನ ಕೈಗೆ ಕೊಟ್ಟು, ಹೊಲದ ದಿಕ್ಕಿಗೊಮ್ಮೆ ನೋಡಿ, ಸೆರಗಿನಿಂದ ಕನ್ನಡಕ ಒರೆಸಿದಳು. ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ. ಆಗ ನನಗೆ ನಾಚಿಕೆಯಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ?

ಶಾಂತಾ ಮೆಲ್ಲಗೆ ತಮ್ಮನತ್ತ ಕಣ್ಣು ಮಾಡಿದಳು. ಈರಪ್ಪ ಚೀಲದಿಂದ ತನ್ನ ಮುರಿದ ಫ್ಯಾನು ತೆಗೆದ. ಅದನ್ನು ತರಲು ಅವಳೇ ಹೇಳಿದ್ದಳಂತೆ! ಅಕ್ಕನ ಪಕ್ಕ ಕಟ್ಟೆಯ ಮೇಲೆ ಕೂತು, ಎರಡು ಹೆಬ್ಬೆರಳಿನಿಂದ ಅದನ್ನು ಏರಿಸಿ ಹೊಲಕ್ಕೆ ಒಯ್ದ. ಪರದೆಯ ತುಂಬ ಜೋಳ ತೂಗಿತು.

"ಎಡಕ್ಕ ತಿರುಗಸಪಾ... ಹಾಂ, ನಮ್ಮ ಬಾವಿ! ಇನ್ನೊಂಚೂರು ಕೆಳಗ. ಅಯ್ಯ, ತೆನಿ ನೋಡ ಹೆಂಗ ಕಟ್ಟ್ಯಾವ!" ಅಕ್ಕ ಹೇಳಿದಂತೆ ಅದು ತಿರುಗಿತು, ನಿಂತಿತು, ಬಗ್ಗಿತು. ಬದುವಿನಿಂದ ಬದುವಿಗೆ ಅವಳು ತನ್ನ ಹೊಲವನ್ನೆಲ್ಲ ನಡೆದಳು. ನಾನು ಓಣಿಯಲ್ಲಿ ಕೂತು ಹಂಜಿ ಆರಿಸತೊಡಗಿದೆ.

ಇದ್ದಕ್ಕಿದ್ದಂತೆ ಅಕ್ಕ ಚೀರಿದಳು: "ತಡಿ, ತಡಿ! ನಟ್ಟ ನಡುವ ಅಷ್ಟೆಲ್ಲಾ ಜ್ವಾಳಾ ಮಲಗಿಸೈತಲ್ಲೋ! ಯಾವ ಹಂದಿ ಹೊಕ್ಕಿತ್ತು?"

ಶಾಂತಾ ನನ್ನನ್ನು ನೋಡಿದಳು. ಈರಪ್ಪ ಆಕಾಶ ನೋಡಿದ.

ಆ ಹಂದಿ ಈಗ ಪ್ರತಿ ಭಾನುವಾರ ಬಯಲಿಗೆ ಹೋಗಿ, ಎರಡು ಕಲ್ಲುಗಳ ಸುತ್ತ ಎಂಟು ಹಾಕುವುದನ್ನು ಕಲಿಯುತ್ತಿದೆ.