ಬಂಗಾಳಿ ಸಿನಿಮಾ ಮತ್ತು ಮಾವನ ಬ್ರೇಕು

ನಗುವಂಥ ಪ್ರಸಂಗಗಳು ಕೆಲವರ ಮನೆಗೆ ಅಪರೂಪಕ್ಕೆ ಬರುತ್ತವೆ. ನಮ್ಮ ಮನೆಗೆ ಅವು ಚಪ್ಪಲಿ ಕೂಡ ಬಿಡದೆ ನುಗ್ಗುತ್ತವೆ. ನಾನು ಬರೆಯುತ್ತಿರುವುದು ಇದೇ ಮೊದಲು. ಎಲ್ಲಿ ಏನು ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ವಿವರಿಸುತ್ತಾ ಹೋಗುತ್ತೇನೆ. ಗೊತ್ತಿದ್ದವರು ದಯವಿಟ್ಟು ಸಹಿಸಿಕೊಳ್ಳಿ.

ಇಲ್ಲದ ಬ್ರೇಕು

ನನ್ನ ಮಾವ, ಅಂದರೆ ಗಂಡನ ತಂದೆ, ಹುಬ್ಬಳ್ಳಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಇದು ತಿಳಿಯದಿದ್ದರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನನ್ನ ಗಂಡನಿಗೆ ಇಲ್ಲಿ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಟೈರ್ ಅಂಗಡಿ ಇದೆ. ತಂದೆಗೆ ರಸ್ತೆ, ಮಗನಿಗೆ ಚಕ್ರ. ಇಬ್ಬರಿಗೂ ಮಾತಾಡಲು ವಿಷಯಕ್ಕೆ ಕೊರತೆಯಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಮಾವ ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದ ವಾರವೇ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೈವೇಗೆ ಹೋದೆವು. ಮುಂದೆ ಯಾವ ಗಾಡಿಯ ಕೆಂಪು ದೀಪ ಹೊತ್ತಿದರೂ ಮಾವನ ಕಾಲು ಧಡ್ ಎಂದು ಮ್ಯಾಟಿನ ಮೇಲೆ ಬೀಳುತ್ತಿತ್ತು.

"ಅಪ್ಪಾ, ಅಲ್ಲೆ ಬ್ರೇಕ್ ಇಲ್ಲ" ಅಂದರು ನನ್ನ ಗಂಡ.

"ಇಲ್ಲಂತ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ."

ಮತ್ತೆ ಧಡ್. ಮತ್ತೆ ಧಡ್. ಕೊನೆಗೆ ನನ್ನ ಗಂಡನಿಗೆ ತಾಳ್ಮೆ ತಪ್ಪಿತು. "ಇದು ನಿಮ್ಮ ಸ್ಕೂಲ್ ಅಲ್ಲ. ನಾ ಲೈಸೆನ್ಸ್ ತಗೊಂಡು ಎಷ್ಟು ವರ್ಷ ಆತು ಗೊತ್ತೇನು?"

"ಕೊಡಸಿದಾಂವ ಯಾರು ಅದು ನಿನಗ ಗೊತ್ತೇನು?"

ಮಾವ ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿದು ಹಿಂದಿನ ಸೀಟಿಗೆ ಬಂದು ಕೂತರು. ಅವತ್ತಿನಿಂದ ಅಪ್ಪ ಮಗ ಮಾತು ಬಿಟ್ಟರು. "ಅವಂಗ ಉಪ್ಪು ಬೇಕೇನು ಕೇಳವಾ" ಎಂದು ಮಾವ ನನಗೆ ಹೇಳಬೇಕು, ನಾನು ಕೇಳಬೇಕು, "ಬ್ಯಾಡ ಅಂತ ಹೇಳು" ಎಂಬ ಉತ್ತರವನ್ನು ವಾಪಸ್ ಒಯ್ಯಬೇಕು. ಮೂವರೂ ಒಂದೇ ಟೇಬಲ್ಲಿನಲ್ಲಿ ಕೂತಿರುತ್ತಿದ್ದೆವು. ಉಪ್ಪು ನನ್ನ ಕೈಯಲ್ಲೇ ಇರುತ್ತಿತ್ತು.

ಅಡ್ವಾನ್ಸ್ ಅಳು

ಮಾವ ಊರಿಗೆ ವಾಪಸಾಗುವ ದಿನ ಹತ್ತಿರ ಬರುತ್ತಿತ್ತು. ಈ ವಯಸ್ಸಿನಲ್ಲಿ ಮತ್ತೆ ಯಾವಾಗ ಇಷ್ಟು ದೂರ ಬರುತ್ತಾರೋ. ಹೀಗೇ ಮೂತಿ ತಿರುಗಿಸಿಕೊಂಡು ವಿಮಾನ ಹತ್ತಿದರೆ ಆಮೇಲೆ ಫೋನಿನಲ್ಲಿ ಸರಿಯಾಗುವ ಮಾತಲ್ಲ ಇದು. ಫೋನಿನಲ್ಲಿ ನಾನು ಮಧ್ಯೆ ಕೂತು ಉಪ್ಪು ದಾಟಿಸಲು ಆಗುವುದಿಲ್ಲವಲ್ಲ!

ನನ್ನ ಚಿಂತೆಯನ್ನು ಪಕ್ಕದ ಮನೆಯ ಬಂಗಾಳಿ ದೀದಿಗೆ ಹೇಳಿಕೊಂಡೆ. ದೀದಿ ಒಂದು ಬಂಗಾಳಿ ಸಿನಿಮಾ ಹೇಳಿದರು. ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಬಡ ಅಪ್ಪ, ಅವನ ಒಬ್ಬನೇ ಮಗ. ಗೆಳೆಯರ ಎದುರು ಗಾಡಿ ಕಂಡರೆ ಹುಡುಗನಿಗೆ ನಾಚಿಕೆ. ಅವರಿಬ್ಬರೂ ಮಾತು ಬಿಡುತ್ತಾರೆ. "ಇದನ್ನ ನೋಡಿದ ಮೇಲೆ ಕಲ್ಲಿನಂಥ ಅಪ್ಪನೂ ಮಗನನ್ನ ತಬ್ಬಿಕೊಳ್ತಾನೆ. ಕರ್ಚೀಫ್ ಸಾಲಲ್ಲ, ಟವೆಲ್ ಇಟ್ಕೋ" ಅಂದರು ದೀದಿ. ಇದನ್ನು ಅವರು ಹಿಂದಿಯಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆದಿದ್ದೇನೆ.

ಶನಿವಾರ ಸಂಜೆ ನಮ್ಮ ಮನೆಯಲ್ಲೇ ಸಿನಿಮಾ. ಮಾವ ಸೋಫಾದಲ್ಲಿ, ಪಕ್ಕದ ಕುರ್ಚಿಯಲ್ಲಿ ದೀದಿ. ನನ್ನ ಗಂಡ ಅಡುಗೆಮನೆಯ ಕಟ್ಟೆಗೆ ಒರಗಿ ಫೋನ್ ನೋಡುವ ಹಾಗೆ ನಿಂತಿದ್ದರು, ಆದರೆ ಫೋನ್ ಸ್ಕ್ರೀನು ಕಪ್ಪಾಗಿತ್ತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳು ಮಾವ ಓದುವಷ್ಟರಲ್ಲಿ ಹಾರಿಹೋಗುತ್ತವೆ. ಹಾಗಾಗಿ ಅವನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಸಿನಿಮಾದವರು ಮೂರು ಆಡಿರುತ್ತಿದ್ದರು. ಅಪ್ಪನ ಮಾತನ್ನು ನಾನು ಹೇಳುವಾಗ ಪರದೆಯ ಮೇಲೆ ಒಂದು ಮೇಕೆ ಬಾಯಿ ಆಡಿಸುತ್ತಿತ್ತು.

ದೀದಿ ಶುರುವಿನಲ್ಲಿ ನಟರ ಹೆಸರುಗಳು ಬರುವಾಗಲೇ ಅಳಲು ಶುರು ಮಾಡಿದರು.

ಮಾವ ನನ್ನ ಕಡೆ ಬಾಗಿದರು. "ಆಕಿ ಯಾಕ ಅಳಾಕತ್ತಾಳ?"

"ಮುಂದೆ ಒಂದು ಸೀನ್ ಬರುತ್ತಂತೆ ಮಾವ."

"ಮುಂದಿನ ಸೀನಿಗೆ ಈಗೇನು, ಅಡ್ವಾನ್ಸ್ ಬುಕ್ಕಿಂಗ್?"

ಪರದೆಯ ಮೇಲೆ ಬಡ ಅಪ್ಪ ಸುಡುಬಿಸಿಲಿನಲ್ಲಿ ಗಾಡಿ ತಳ್ಳುತ್ತಾ ಬಂದು ಮೂಲೆಯಲ್ಲಿ ತಿರುಗಿದ. ಹಿನ್ನೆಲೆಯಲ್ಲಿ ಕೊಳಲು. ದೀದಿ ಬಿಕ್ಕಿದರು. ನಾನು ಟವೆಲ್ ಹತ್ತಿರ ಎಳೆದುಕೊಂಡೆ. ಮಾವ ಮುಂದೆ ಸರಿದು ಕೂತರು. ಕರಗಿದರು ಅಂದುಕೊಂಡೆ.

"ನೋಡಿದ್ಯಾ ಅಂವನ್ನ? ತಿರುವಿನ್ಯಾಗ ಕೈ ತೋರಸಲಿಲ್ಲ."

ಅಷ್ಟರಲ್ಲಿ ನಮ್ಮೆಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಮಳೆ ಜೋರಾದರೆ ಇಲ್ಲಿ ಪ್ರವಾಹದ ಎಚ್ಚರಿಕೆ ಹೀಗೆ ಬರುತ್ತದೆ. ದೀದಿ ಅಳುತ್ತಲೇ ಮನೆಗೆ ಓಡಿದರು, ನನ್ನ ಗಂಡ ಅಂಗಡಿ ನೋಡಲು ಹೋದರು, ಸಿನಿಮಾ ನಿಂತಿತು. ಮಾವ ಮಾತ್ರ ಕದಲಲಿಲ್ಲ. "ಆಕೀಗೆ ಹೇಳವಾ, ಅಳೂದು ಆಮೇಲ. ಮೊದಲ ಅಂವಗ ಯಾರರ ಕೈ ತೋರಸೂದು ಕಲಸ್ರಿ ಅಂತ."

ಟ್ರಕ್ಕಿನ ಸುದ್ದಿ

ಮುಂದಿನ ವಾರ ಹೂಸ್ಟನ್ ಕಡೆಗೆ ಹೊರಟೆವು. ಅಲ್ಲಿನ ಮಿಸೌರಿ ಸಿಟಿಯಲ್ಲಿ ನನ್ನ ನಾದಿನಿ, ಅಂದರೆ ಗಂಡನ ತಂಗಿ, ಇದ್ದಾಳೆ. ನಾನು ಮುಂದೆ, ಮಾವ ನನ್ನ ಬೆನ್ನ ಹಿಂದೆ. ಹಿಂದೆ ಕೂತರೂ ಅವರ ಕಾಲು ಕೆಲಸ ಬಿಟ್ಟಿರಲಿಲ್ಲ. ಪ್ರತಿ ಬ್ರೇಕೂ ನನ್ನ ಸೀಟಿನ ತಳಕ್ಕೆ ಬಂದು ಬಡಿಯುತ್ತಿತ್ತು.

"ಮುಂದ ಟ್ರಕ್ ಐತಿ ಅಂತ ಅವಂಗ ಹೇಳವಾ."

"ರೀ, ಮುಂದೆ ಟ್ರಕ್ ಇದೆಯಂತೆ."

"ನನಗೂ ಕಣ್ಣದಾವ ಅಂತ ಹೇಳು."

"ಮಾವ, ಅವರಿಗೂ ಕಣ್ಣು..."

"ಕಣ್ಣಿದ್ರ ಸಾಲದು, ಅಂತರ ಬೇಕು ಅಂತ ಹೇಳು."

ನಾನು ಅಂತರವನ್ನು ತಲುಪಿಸುವಷ್ಟರಲ್ಲಿ ಟ್ರಕ್ಕಿನವನೇ ಬೇಸತ್ತು ಎಕ್ಸಿಟ್ ತಗೊಂಡು ಹೈವೇ ಬಿಟ್ಟು ಹೋಗಿದ್ದ.

ಮಜ್ಜಿಗೆ

ನಾದಿನಿಯ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಊಟಕ್ಕೆ ಹೂಸ್ಟನ್ನಿನ ಇನ್ನೊಂದು ಮೂಲೆಯ ಕ್ಲಿಯರ್ ಲೇಕ್‌ನಿಂದ ಒಬ್ಬ ಅಂಕಲ್ ಬಂದಿದ್ದರು. ರಾಕೆಟ್ಟಿನ ಲೆಕ್ಕಾಚಾರ ಮಾಡುವ ಇಂಜಿನಿಯರ್. ಎಲ್ಲರೂ ನೆಲದ ಮೇಲೆ, ಮಧ್ಯೆ ಗಿಡ್ಡ ಟೇಬಲ್ಲು, ಅದರ ಮೇಲೆ ತಟ್ಟೆ ಲೋಟಗಳು. ಲೈಟು ಆರಿಸಿ, ಈ ಸಲ ಸಿನಿಮಾವನ್ನು ನಿಂತಲ್ಲಿಂದ ಮುಂದುವರಿಸಿದೆ.

ನನಗೊಂದು ಹೊಸ ಭಯ ಹುಟ್ಟಿತ್ತು. ಸಿನಿಮಾದ ಕೊನೆಯಲ್ಲಿ ಆ ಅಪ್ಪ ಸತ್ತುಬಿಟ್ಟರೆ? ದೀದಿಯ ಅಳು ನೆನೆದರೆ ಹಾಗೇ ಅನ್ನಿಸುತ್ತಿತ್ತು. ಹೊರಟು ನಿಂತ ಹಿರಿಯರಿಗೆ ಇಂಥದ್ದನ್ನು ತೋರಿಸುವುದೇ? ದೀದಿಗೆ ಫೋನ್ ಮಾಡಿ ಕೇಳಿದರೆ ಹೇಳುವ ಮೊದಲೇ ಅತ್ತರು. ಹಾಗಾಗಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ರಿಮೋಟು ಹಿಡಿದೇ ಕೂತಿದ್ದೆ.

ಪರದೆಯ ಮೇಲೆ ಇಳಿಜಾರು ಬಂತು. ತರಕಾರಿ ಮೂಟೆಗಳ ಮೇಲೆ ಹುಡುಗ ಮುಖ ತಿರುಗಿಸಿ ಕೂತಿದ್ದಾನೆ. ಗಾಡಿ ಅಪ್ಪನ ಕೈ ಮೀರಿ ಓಡತೊಡಗಿತು. ಕೆಳಗೆ ದೊಡ್ಡ ರಸ್ತೆ, ಬಸ್ಸುಗಳು. ಅಪ್ಪ ಬರಿಗಾಲನ್ನೇ ನೆಲಕ್ಕೆ ಊರಿ ಎಳೆದುಕೊಂಡು ಗಾಡಿ ತಡೆಯಲು ನೋಡುತ್ತಿದ್ದಾನೆ. ನಾನು ಅನುವಾದ ಮರೆತೆ. ಅಲ್ಲಿ ಮಾತೂ ಇರಲಿಲ್ಲ.

ಧಡ್!

ಮಾವನ ಕಾಲು ಟೇಬಲ್ಲಿನ ಕಾಲಿಗೆ ಬಡಿಯಿತು. ಅದು ನಿರೀಕ್ಷಿತವೇ. ಆದರೆ ಅದೇ ಕ್ಷಣಕ್ಕೆ ಟೇಬಲ್ಲಿನ ಆ ಕಡೆಯಿಂದಲೂ ಒಂದು ಧಡ್ ಬಂತು. ಅದು ನನ್ನ ಗಂಡನ ಕಾಲು.

ರಾಕೆಟ್ ಅಂಕಲ್ಲಿನ ಮಜ್ಜಿಗೆ ಲೋಟ ಒಮ್ಮೆ ಕುಣಿದು, ಯೋಚಿಸಿ, ಅವರ ಮಡಿಲಿಗೆ ಹೋಯಿತು. ಅವರು ಎದ್ದರು, ಲೈಟು ಹಾಕಿದರು, ಸಿನಿಮಾ ಅಲ್ಲಿಗೆ ನಿಂತಿತು. ಅಪ್ಪ ಮಗ ಇಬ್ಬರೂ ಚಾಚಿಕೊಂಡ ತಂತಮ್ಮ ಬಲಗಾಲನ್ನೇ ನೋಡುತ್ತಿದ್ದರು. ಎರಡೂ ಒಂದೇ ಕೋನದಲ್ಲಿ ನಿಂತಿದ್ದವು.

ಮೊದಲು ನಕ್ಕಿದ್ದು ನಾದಿನಿ. "ಸಣ್ಣಾಂವ ಇದ್ದಾಗ ಅಪ್ಪನ ಮಗ್ಗಲಕ್ಕ ಕುಂತು ಕುಂತು ಇವಂಗೂ ಹತ್ತೇತಿ ನೋಡ್ರಿ ರೋಗ!" ಆಮೇಲೆ ಅಂಕಲ್ ಒದ್ದೆ ಪ್ಯಾಂಟ್ ಹಿಡಿದುಕೊಂಡೇ ಅಂದರು: "ಎರಡು ತಲೆಮಾರಿನವರು ಸೇರಿ ಬ್ರೇಕ್ ಹಾಕಿದ್ರೂ ನನ್ನ ಮಜ್ಜಿಗೆ ನಿಲ್ಲಲಿಲ್ಲವಲ್ರಿ!"

ಡಲ್ಲಾಸ್ ದಾರಿ

ಮಾವನ ವಿಮಾನ ಡಲ್ಲಾಸಿನಿಂದ. ಆಸ್ಟಿನ್‌ನಲ್ಲೂ ವಿಮಾನ ನಿಲ್ದಾಣವಿದೆ, ಆದರೆ ಹಿರಿಯರನ್ನು ಕಳಿಸುವಾಗ ನಾವು ನೋಡುವುದು ಊರಲ್ಲ, ಜೊತೆ. ನಮ್ಮ ಕನ್ನಡದವರ ಗುಂಪಿನಲ್ಲಿ ಕೇಳಿದಾಗ ಹುಬ್ಬಳ್ಳಿಗೇ ಹೋಗುವ ದಂಪತಿ ಸಿಕ್ಕಿದ್ದು ಡಲ್ಲಾಸಿನಲ್ಲಿ.

ಹೊರಡುವ ಬೆಳಿಗ್ಗೆ ಸೂಟ್‌ಕೇಸ್ ಇಟ್ಟಾಯಿತು. ಮಾವ ಹಿಂದಿನ ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ನನ್ನ ಗಂಡ ಮುಂದಿನ ಬಾಗಿಲು ತೆರೆದು ನಿಂತರು.

"ಅಪ್ಪಾ, ಮುಂದ ಬರ್ರಿ."

ಎಷ್ಟೋ ದಿನಗಳ ಮೇಲೆ ನಡುವೆ ನಾನಿಲ್ಲದೆ ಹೋದ ಮೊದಲ ಮಾತು. ಮಾವ ಬಗ್ಗಿ ನೋಡಿದರು. ಮ್ಯಾಟಿನ ಮೇಲೆ ಒಂದು ಹಲಗೆ, ಹಲಗೆಗೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಹಳೇ ಟೈರಿನಿಂದ ಕತ್ತರಿಸಿದ ರಬ್ಬರಿನ ಪೆಡಲ್ಲು. ಯಾವುದಕ್ಕೂ ಜೋಡಿಸಿರಲಿಲ್ಲ. ಸುಮ್ಮನೆ ಇತ್ತು.

ಮಾವ ಕೂತರು. ಬೆಲ್ಟ್ ಹಾಕಿಕೊಂಡರು. ಚಪ್ಪಲಿ ಕಳಚಿ ಪೆಡಲ್ ಒತ್ತಿ ನೋಡಿದರು. ನಾನು ಹಿಂದಿನ ಸೀಟಿನಿಂದ ಬಗ್ಗಿ ನೋಡುತ್ತಿದ್ದೆ.

"ಸ್ವಲ್ಪ ಬಿಗಿ ಐತಲ್ಲೋ."

"ಹೊಸಾದು ಅಪ್ಪಾ. ಡಲ್ಲಾಸ್ ಮುಟ್ಟೂದ್ರಾಗ ಸಡಲ ಆಗ್ತೈತಿ."

ದಾರಿಯುದ್ದಕ್ಕೂ ಇಬ್ಬರೂ ಟೈರಿನ ಗಾಳಿ, ಟ್ರಕ್ಕಿನವರ ಸೊಕ್ಕು, ಹುಬ್ಬಳ್ಳಿಯಲ್ಲಿ ನನ್ನ ಗಂಡ ಮೊದಲ ಸಲ ಕಾರು ಚರಂಡಿಗೆ ಇಳಿಸಿದ ದಿನ, ಹೀಗೆ ಏನೇನೋ ಮಾತಾಡಿದರು. ನನಗೆ ಒಂದೂ ಸುದ್ದಿ ತಲುಪಿಸುವ ಕೆಲಸವಿರಲಿಲ್ಲ. ನೆಮ್ಮದಿಯಿಂದ ನಿದ್ದೆ ಹೋದೆ.

ಡಲ್ಲಾಸಿನ ಎತ್ತರದ ಮೇಲ್ಸೇತುವೆಯಲ್ಲಿ ಎಚ್ಚರವಾಯಿತು. ಒಂದು ಕಾರು ನಮ್ಮ ಮುಂದೆ ಥಟ್ಟನೆ ನುಗ್ಗಿತ್ತು. ಮುಂದೆ ಎರಡು ಕಾಲು ಒಟ್ಟಿಗೆ ಬಿದ್ದವು. ನಮ್ಮ ಕಾರು ಸುಸೂತ್ರವಾಗಿ ನಿಧಾನವಾಯಿತು.

ಮಾವ ಮೀಸೆ ತಿರುವಿದರು. "ನೋಡಿದ್ಯಾ? ಬ್ರೇಕ್ ಹತ್ತಿತು."

"ಹತ್ತಿತು ಅಪ್ಪಾ. ನೀವು ಇದ್ದಿದ್ದಕ್ಕ ಬಚಾವಾದ್ವಿ" ಅಂದರು ನನ್ನ ಗಂಡ, ನಗದೆ.

ವಿಮಾನ ನಿಲ್ದಾಣದಲ್ಲಿ ತಬ್ಬಿಕೊಳ್ಳುವುದು ಏನೂ ನಡೆಯಲಿಲ್ಲ. ಅದನ್ನು ದೀದಿಗೆ ನಾನಿನ್ನೂ ಹೇಳಿಲ್ಲ. ಮಾವ ಮಗನ ಹೆಗಲ ಮೇಲೆ ಕೈಯಿಟ್ಟು "ರಿವರ್ಸ್ ತಗೊಳ್ಳುವಾಗ ಕುತ್ತಿಗಿ ತಿರುಗಸು. ಕ್ಯಾಮೆರಾ ನಂಬಬ್ಯಾಡ" ಅಂದರು. ನನ್ನ ಗಂಡ ಅವರ ಕೈಗೆ ಟ್ಯಾಬ್ಲೆಟ್ ಕೊಟ್ಟು, "ಉಳದ ಸಿನಿಮಾ ಇದರಾಗ ಹಾಕೇನಿ" ಅಂದರು. ಬೇಡ ಎನ್ನಲು ನನ್ನ ಬಾಯಿ ತೆರೆಯಿತು. ಕೊನೆ ಏನೆಂದು ನನಗಿನ್ನೂ ಗೊತ್ತಿರಲಿಲ್ಲವಲ್ಲ! ಆದರೆ ಅಪ್ಪ ಮಗನ ಮಧ್ಯೆ ಮತ್ತೆ ಮಾತಾಡಲು ಧೈರ್ಯ ಸಾಲಲಿಲ್ಲ.

ಅವರು ಊರು ತಲುಪುವವರೆಗೂ ನನಗೆ ಸಮಾಧಾನವಿರಲಿಲ್ಲ. ಕೊನೆಗೆ ಫೋನ್ ಬಂತು. ಮಾವ ನನ್ನನ್ನು ಕೇಳಲೇ ಇಲ್ಲ, ನೇರವಾಗಿ ಮಗನಿಗೇ ಮಾಡಿದ್ದರು. ನನ್ನ ಗಂಡ ಸ್ಪೀಕರ್ ಹಾಕಿದರು.

"ಮುಟ್ಟಿದ್ನೆಪಾ ಆರಾಮ. ಸಿನಿಮಾನೂ ಮುಗೀತು."

"ಮಾವ," ನಾನು ತಡೆಯಲಾಗದೆ ಕೂಗಿದೆ, "ಕೊನೇಗೆ ಅಪ್ಪ ಏನಾಗ್ತಾನೆ?"

"ಏನಾಗಿಲ್ಲವಾ, ಗಟ್ಟಿ ಅದಾನ. ಕಾಲಿಗೆ ಪೆಟ್ಟಾಗೇತಿ ಅಂತ ಮಗ ಅವನ್ನ ಗಾಡಿ ಮ್ಯಾಲ ಕುಂಡ್ರಿಸಿಕೊಂಡು ತಾನ ತಳ್ಳಕೋತ ಮನಿಗೆ ಕರಕೊಂಡು ಹೊಂಟಾನ. ಭಾಷಾ ಒಂದೂ ತಿಳೀಲಿಲ್ಲ. ಭಾಳ ಚಂದ ಐತಿ."

ಅವರ ದನಿ ಒಂದು ಕ್ಷಣ ತಡವರಿಸಿತು. ನನ್ನ ಗಂಡ ಕಿಟಕಿಯ ಕಡೆ ತಿರುಗಿ ನಿಂತರು. ಅಂತೂ ಟವೆಲ್ ಬೇಕಾಗುವ ಹೊತ್ತು ಬಂತು ಅಂದುಕೊಂಡೆ.

"ಆದ್ರ ಏನ್ ಹೇಳೂದಪಾ," ಮಾವ ಗಂಟಲು ಸರಿಮಾಡಿಕೊಂಡರು, "ಕಡೀಕೂ ಆ ಹುಡುಗನೂ ಕೈ ತೋರಸಲಿಲ್ಲ."