ಕೆಚ್ಚಲು ಕೂತ ಮ್ಯಾನೇಜರು

ತಪ್ಪೆಲ್ಲ ವೇಣುಗೋಪಾಲನ ಕತ್ತಿನದು. ಹಿಂದೂಪುರದ ರೇಷ್ಮೆ ಮಗ್ಗದ ಶೆಡ್ಡಿಗೆ ಮ್ಯಾನೇಜರ್ ಬೇಕೆಂದು ಕೇಳಿ ಮೂರು ತಿಂಗಳ ಹಿಂದೆ ಅವನು ಹೋದಾಗ, ಮಾಲೀಕ ಮುರಳೀಕೃಷ್ಣ ಏನು ಓದಿದ್ದೀಯ, ಎಲ್ಲಿ ದುಡಿದಿದ್ದೀಯ ಎಂದು ವಿಚಾರಿಸಲೇ ಇಲ್ಲ. ನೇಕಾರರ ಮನೆಯ ಹುಡುಗ, ಮಗ್ಗದ ಕೆಲಸವೆಲ್ಲ ಬರುತ್ತದೆ ತಾನೆ ಎಂದಷ್ಟೇ ಕೇಳಿದರು. ಬಾಯಿ ಉತ್ತರ ಹುಡುಕುವಷ್ಟರಲ್ಲಿ ಕತ್ತು ಹೌದೆಂದು ಆಡಿಬಿಟ್ಟಿತು.

ಅವರ ಮನೆಯ ಕೊನೆಯ ಮಗ್ಗ ಬಿಚ್ಚಿದ್ದು ತಾತನ ಕಾಲದಲ್ಲಿ. ಅದರ ಮರ ಈಗ ಅಟ್ಟದ ಏಣಿಯಾಗಿತ್ತು. ವೇಣುಗೋಪಾಲ ಆ ಏಣಿ ಹತ್ತಿ ಇಳಿದದ್ದು ಬಿಟ್ಟರೆ ಮಗ್ಗಕ್ಕೂ ಅವನಿಗೂ ಬೇರೆ ನಂಟಿರಲಿಲ್ಲ. ಆದರೆ ಅವನು ಅಂಚೆಯಲ್ಲಿ ಎಂಬಿಎ ಮಾಡಿದ್ದ. ಜನರನ್ನು ನಡೆಸಲು ಬಂದರೆ ಸಾಕು, ಕೆಲಸ ಬರಬೇಕಾಗಿಲ್ಲ ಎಂದು ಅಲ್ಲಿ ಬರೆದದ್ದನ್ನು ಗಟ್ಟಿಯಾಗಿ ನಂಬಿದ್ದ. ಮಗ್ಗ ನಿಂತರೆ ಕೈ ಹಿಂದೆ ಕಟ್ಟಿಕೊಂಡು ಬರುತ್ತಿದ್ದ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದ, ಹೀಗಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿ ಹೋಗುತ್ತಿದ್ದ. ಆಮೇಲೆ ಯಾರೋ ಒಬ್ಬರು ಅದನ್ನು ಸರಿಮಾಡುತ್ತಿದ್ದರು. ಮೂರು ತಿಂಗಳು ಹೀಗೇ ಸುಖವಾಗಿ ಕಳೆಯಿತು.

ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣದುರ್ಗದ ಸೀರೆ ಅಂಗಡಿಯಿಂದ ಮಾಲೀಕರ ಫೋನು ಬಂತು. ಸಂಜೆ ನಾಲ್ಕಕ್ಕೆ ಬರುತ್ತೇನೆ, ಕೆಲಸ ಕಾಯಂ ಮಾಡುವ ಪತ್ರ ತರುತ್ತೇನೆ, ಬರುವಷ್ಟರಲ್ಲಿ ಆರನೇ ಮಗ್ಗ ಓಡುತ್ತಿರಬೇಕು ಎಂದರು. ವೇಣುಗೋಪಾಲನಿಗೆ ಆ ಪತ್ರವೆಂದರೆ ರಮ್ಯಾ. ಮ್ಯಾನೇಜರ್ ಹುದ್ದೆ ಕಾಯಂ ಆಗದ ಗಂಡಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಆರನೇ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಹರಡಿದ ಎಳೆಗಳು, ಮುಗಿದಿತ್ತು. ಹಳೇ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚುವ ಲಕ್ಷ್ಮೀದೇವಿ ಶನಿವಾರ ಬಹುಪಾಲು ಮುಗಿಸಿ, ಮಗಳ ಬಾಣಂತನಕ್ಕೆಂದು ಬ್ರಹ್ಮಸಮುದ್ರದ ಬಸ್ಸು ಹತ್ತಿದ್ದಳು. ಇನ್ನೂ ಸಾವಿರದ ಇನ್ನೂರು ಎಳೆ ಉಳಿದಿದ್ದವು.

ವೇಣುಗೋಪಾಲ ತನ್ನ ವಿದ್ಯೆ ಹೊರತೆಗೆದ. ಹಿರಿಯ ನೇಕಾರ ಬೈರಣ್ಣನನ್ನು ಕರೆದು ಐದು ನಿಮಿಷ ಹೊಗಳಿದ. ಬೈರಣ್ಣ ಒಂದು ಮಾತೂ ಬಿಡದೆ ಕೇಳಿಸಿಕೊಂಡು, "ನಾನು ನೇಯೋನು ಸಾರ್. ಕೆಚ್ಚೋ ಕೈ ಬೇರೆ" ಎಂದು ಹೊರಟ. ಇನ್ನೊಬ್ಬ ನೇಕಾರ ಬೈಲಪ್ಪನನ್ನು ಕೇಳಿದರೆ ಕನ್ನಡಕ ಮನೆಯಲ್ಲಿದೆ ಎಂದ. ಹಾಗೆನ್ನುವಾಗ ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಗಂಗಾದೇವಿ ತಲೆ ಎತ್ತಿದಳು. ಐವತ್ತು ದಾಟಿದ ಹೆಂಗಸು, ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. "ನೀವೇ ಕುಂತ್ಕಂಬುಡಿ ಸಾರ್. ನೇಕಾರ್ರ ಮನೇರು, ನಿಮ್ಗ್ಯಾರು ಹೇಳ್ಕೊಡ್ಬೇಕು?" ಅವಳ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಓಡುತ್ತಿದ್ದ ಮಗ್ಗಗಳು ಒಂದೊಂದಾಗಿ ನಿಂತವು. ಎಲ್ಲರೂ ನೋಡುತ್ತಿದ್ದರು. ವೇಣುಗೋಪಾಲ ಕೂತ.

ಮೊದಲ ಎಳೆಗೆ ಹಗ್ಗಕ್ಕೆ ಹಾಕುವಂಥ ಗಂಟು ಬಿಗಿದ. ಗಂಗಾದೇವಿ ಎದ್ದು ಬಂದು ಅದನ್ನು ಕಚಕ್ಕನೆ ಕತ್ತರಿಸಿದಳು. "ಇದು ಕಳ್ಳೇಕಾಯಿ ಮೂಟೆ ಅಲ್ಲ ಕಣಪ್ಪ. ಬೆರಳ್ಗೆ ಬೂದಿ ಹಚ್ಕೊ. ಎಲ್ಡು ತುದೀನೂ ಸೇರ್ಸಿ ಹೊಸಿ. ಮೆಲ್ಲಕ್ಕೆ." ಸಾರ್ ಹೋಗಿ ಕಣಪ್ಪ ಬಂದದ್ದನ್ನು ಅವನು ಗಮನಿಸಿದ. ಗಮನಿಸಿ ಏನು ಮಾಡುವುದು, ಬೂದಿ ಹಚ್ಚಿಕೊಂಡ.

ಹನ್ನೊಂದಕ್ಕೆ ಆ ಬೂದಿ ಮೂಗಿಗೇರಿ ಸೀನಿದ. ಸೇರಿಸಿದ್ದರಲ್ಲಿ ನಲವತ್ತು ಎಳೆ ಕಿತ್ತುಬಂದವು. ಬೂದಿ ಹಾರದಂತೆ ಫ್ಯಾನು ಆರಿಸಿದರು, ಬೆವರು ಸುರಿಯಿತು. ಪಕ್ಕದ ಶೆಡ್ಡಿನ ನಾರಮ್ಮ ಊಟದ ಡಬ್ಬಿ ಹಿಡಿದು ನೋಡಲು ಬಂದಳು. ನಮ್ಮ ಮ್ಯಾನೇಜರು ಬರೀ ಸೈನು ಹಾಕುತ್ತಾನೆ, ನಿಮ್ಮವನು ಪರವಾಗಿಲ್ಲ ಎಂದು ಮೆಚ್ಚಿ ಹೋದಳು. ಮಧ್ಯಾಹ್ನದ ಹೊತ್ತಿಗೆ ಕಣಪ್ಪ ಹೋಗಿ ಕಣ್ಲಾ ಆಗಿತ್ತು.

ಗಂಗಾದೇವಿ ಅವನ ಪಕ್ಕದಿಂದ ಏಳಲಿಲ್ಲ. ಕೂತಲ್ಲಿಂದಲೇ ಮೂರನೇ ಮಗ್ಗದ ಎಳೆ ತುಂಡಾದದ್ದನ್ನು ಸದ್ದಿನಲ್ಲೇ ಹಿಡಿದು ಬೈರಣ್ಣನನ್ನು ಓಡಿಸಿದಳು. ಎರಡನೇ ಸಲ ಟೀಗೆ ಹೊರಟ ಬೈಲಪ್ಪನನ್ನು ಬಾಗಿಲಿಂದಲೇ ವಾಪಸು ಕರೆದಳು. ವೇಣುಗೋಪಾಲನಿಗೆ ಅದೊಂದೂ ಕೇಳಿಸಲಿಲ್ಲ. ಎರಡು ತುದಿ ಬೆರಳ ನಡುವೆ ಹೊರಳಿ ಒಂದೇ ಎಳೆಯಾಗುವುದನ್ನು ನೋಡುತ್ತ ಅವನು ರಮ್ಯಾಳನ್ನೂ ಮರೆತಿದ್ದ. ಬದುಕಿನಲ್ಲಿ ಮೊದಲ ಸಲ ಅವನಿಗೆ ಒಂದು ಕೆಲಸ ಬಂದಿತ್ತು, ಅದರಿಂದ ಅವನಿಗೆ ವಿಪರೀತ ಸಂತೋಷವಾಗಿತ್ತು.

ಕೊನೆಯ ಎಳೆ ಸೇರಿಸಿದಾಗ ನಾಲ್ಕೂಕಾಲು. ಮಗ್ಗ ಓಡಿತು, ಒಂದು ಎಳೆಯೂ ಬಿಡಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಮಾಲೀಕರು. ಬಂದು ಕಾಲು ಗಂಟೆಯಾಗಿತ್ತಂತೆ.

"ಇದಿಷ್ಟೂ ನೀನೇ ಕೆಚ್ಚಿದ್ದೇನಯ್ಯಾ?" ಎಂದರು ಹಾಸಿನ ಮೇಲೆ ಕೈಯಾಡಿಸುತ್ತ.

"ನಾನೇ ಸಾರ್. ಚಿಕ್ಕಂದಿನಿಂದ ಕೈಗೆ ಬಂದಿದ್ದು."

ಗಂಗಾದೇವಿ ಅವನ ಮುಖ ನೋಡಿ, ಬೂದಿಯ ಬಟ್ಟಲು ಎತ್ತಿಟ್ಟಳು.

"ಬಾಗುಂದಿ, ಚಾಲಾ ಬಾಗುಂದಿ," ಎಂದು ತೆಲುಗಿನಲ್ಲೇ ಮೆಚ್ಚಿದರು ಮಾಲೀಕರು. ಲಕ್ಷ್ಮೀದೇವಿ ಇನ್ನು ಮಗಳ ಮನೆಯಲ್ಲೇ ಇರುತ್ತಾಳಂತೆ, ಕೆಚ್ಚುವವರಿಗಾಗಿ ಶನಿವಾರದಿಂದ ಊರೂರು ಹುಡುಕುತ್ತಿದ್ದೇನೆ, ಇಂಥ ಕೈಗೆ ಹಾಜರಿ ಪುಸ್ತಕ ಹಿಡಿಸಿ ಹಾಳು ಮಾಡಿದ್ದೆನಲ್ಲ ಎಂದು ಪೇಚಾಡಿಕೊಂಡರು. ಜೇಬಿನಿಂದ ಪತ್ರ ತೆಗೆದು, ಮ್ಯಾನೇಜರ್ ಎಂಬುದನ್ನು ಹೊಡೆದುಹಾಕಿ, ಕೆಚ್ಚುವ ಕೆಲಸ ಎಂದು ಬರೆದು, ರುಜು ಹಾಕಿ ಕೊಟ್ಟರು.

"ಮತ್ತೆ ಮ್ಯಾನೇಜರು, ಸಾರ್?" ಎಂದ ವೇಣುಗೋಪಾಲ.

"ಕಾಲು ಗಂಟೆ ನೋಡ್ದೆನಲ್ಲಯ್ಯಾ. ನಿನ್ನೂ ಸೇರ್ಸಿ ಎಲ್ಲಾರ್ನೂ ದುಡ್ಸಿದ್ದು ಈಯಮ್ಮ." ಹಾಜರಿ ಪುಸ್ತಕ ಗಂಗಾದೇವಿಯ ಕೈಗೆ ಹೋಯಿತು.

ಮಾಲೀಕರ ಕಾರು ಹೊರಟ ಬೆನ್ನಿಗೇ ರಮ್ಯಾಳ ಫೋನು. ಕೆಲಸ ಕಾಯಂ ಆಯಿತೇ, ಅಪ್ಪ ಪಕ್ಕದಲ್ಲೇ ಕಾಯುತ್ತಿದ್ದಾರೆ ಎಂದಳು. ಆಯಿತು ಎಂದ ವೇಣುಗೋಪಾಲ. ಹಾಗಾದರೆ ಮ್ಯಾನೇಜರೇ ತಾನೆ ಎಂದು ಅವಳು ಕೇಳಿದಳು. ಅವನು ಉಸಿರೆಳೆದುಕೊಂಡು, ಅದು ಏನಾಯಿತೆಂದರೆ ಎಂದು ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಫೋನು ಕಿತ್ತುಕೊಂಡಿತು.

"ಕೆಲ್ಸದ ಹೊತ್ನಾಗೆ ಫೋನು ಬ್ಯಾಡ ಕಣ್ಲಾ," ಎಂದಳು ಗಂಗಾದೇವಿ. "ಎಂಟ್ನೇ ಮಗ್ಗದ ಹಾಸೂ ಮುಗ್ದೈತೆ. ನಾಕು ಸಾವ್ರ ಎಳೆ. ಕುಂತ್ಕೊ."